ಲಾಗಿನ್ ಕೇಳದ ಸಾಲದ ಪಟ್ಟಿ: ಮಿಕ್ಸಿನ್‌ಗಳ ಕ್ರಮ ತಪ್ಪಿದ ಒಂದು ಪ್ರಕರಣ

2024ರ ಸೆಪ್ಟೆಂಬರ್ ಎರಡನೇ ವಾರ. ಮಲೆನಾಡಿನ ಅಡಿಕೆ ಬೆಳೆಗಾರರ ಸಹಕಾರ ಸಂಘವೊಂದಕ್ಕೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಅದರ ಕಾರ್ಯದರ್ಶಿಯವರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದರು. ಸರ್ವಸದಸ್ಯರ ಸಭೆ ಹತ್ತಿರ ಬಂದಿತ್ತು, ವರದಿಯಲ್ಲಿ ಏನೋ ತಿದ್ದುವುದಿರಬೇಕು ಅಂದುಕೊಂಡೇ ಎತ್ತಿದೆ.

"ಸಾರ್, ನಿನ್ನೆ ನಮ್ಮ ನಿರ್ದೇಶಕರೊಬ್ಬರಿಗೆ ಸಾಲದ ಪಟ್ಟಿಯ ಲಿಂಕ್ ವಾಟ್ಸಾಪಲ್ಲಿ ಕಳಿಸಿದ್ದೆ. ಅವರ ಮಗಳು ತನ್ನ ಫೋನಲ್ಲಿ ಒತ್ತಿದಾಳಂತೆ, ಪಟ್ಟಿ ನೇರ ಬಂತಂತೆ. ಪಾಸ್‌ವರ್ಡೇ ಕೇಳಲಿಲ್ಲವಂತೆ. ಹಂಗೆ ಬರಬಹುದಾ?"

ಬರಬಾರದು. ನನ್ನ ಫೋನಿನಲ್ಲಿ ಲಾಗಿನ್ ಇಲ್ಲದ ಖಾಸಗಿ ಕಿಟಕಿ ತೆರೆದು ಅದೇ ಲಿಂಕ್ ಹಾಕಿದೆ. ಸದಸ್ಯರ ಹೆಸರು, ಷೇರು ಸಂಖ್ಯೆ, ಪಡೆದ ಸಾಲ, ಕಟ್ಟಿದ್ದು, ಉಳಿದದ್ದು, ಕೊನೆಯ ಕಾಲಮ್ಮಿನಲ್ಲಿ ಕೆಂಪು ಬಣ್ಣದಲ್ಲಿ "ಸುಸ್ತಿ", ಎಲ್ಲವೂ ಕಣ್ಣ ಮುಂದೆ ಬಂತು. ಊರಿನಲ್ಲಿ ಯಾರು ಸುಸ್ತಿದಾರ ಎಂಬುದು ಬರಿಯ ಅಂಕಿ ಅಲ್ಲ. ಮಗಳ ಮದುವೆ ಮಾತುಕತೆ ನಡೆಯುತ್ತಿರುವ ಮನೆಯವರ ಹೆಸರೂ ಆ ಪಟ್ಟಿಯಲ್ಲಿರುತ್ತದೆ. ಮೊದಲು ವೆಬ್ ಸರ್ವರ್‌ನಲ್ಲಿ ಆ ವಿಳಾಸವನ್ನೇ ಮುಚ್ಚಿದೆ, ಆಮೇಲೆ ಕೋಡ್ ತೆರೆದೆ.

ಕೋಡ್‌ನಲ್ಲಿ ಲಾಗಿನ್ ಬೇಕೆಂದು ಬರೆದಿತ್ತು. ತಲೆ ಕೆಟ್ಟದ್ದು ಅಲ್ಲಿಯೇ. ಮರೆತಿದ್ದರೆ ಸೇರಿಸಿ ಮುಗಿಸಬಹುದಿತ್ತು. ಒಂದು ಪುಟದ ಕೆಲಸಗಳನ್ನೆಲ್ಲ ಒಟ್ಟಿಗೆ ಬರೆದಿಡುವ ಕೋಡ್‌ನ ತುಂಡಿಗೆ ಕ್ಲಾಸ್ ಎನ್ನುತ್ತೇವೆ, ಅದು ಬೇರೆ ಯಾವ ಕ್ಲಾಸ್‌ಗಳಿಂದ ಕೆಲಸ ಎರವಲು ಪಡೆಯುತ್ತದೆ ಎಂಬುದನ್ನು ಅದರ ಹೆಸರಿನ ಪಕ್ಕದ ಬ್ರ್ಯಾಕೆಟ್ಟಿನಲ್ಲಿ ಬರೆಯುತ್ತೇವೆ. ಸಾಲದ ಪಟ್ಟಿಯ ಕ್ಲಾಸ್‌ನ ಬ್ರ್ಯಾಕೆಟ್ಟಿನೊಳಗೆ ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್ ಎಂಬ ಹೆಸರು ಸ್ಪಷ್ಟವಾಗಿ ಕೂತಿತ್ತು, ಆದರೂ ಬಾಗಿಲು ತೆರೆದಿತ್ತು.

ಮೆಥಡ್‌ಗಳನ್ನು ಹಂಚಿಕೊಂಡದ್ದು ಹೇಗೆ

ಪ್ರಾಜೆಕ್ಟ್ ಇದ್ದದ್ದು ಪೈಥಾನ್ ಭಾಷೆಯಲ್ಲಿ, ವೆಬ್ ಪುಟ ಕಟ್ಟಲು ಬಳಸುವ ಜಾಂಗೋ ಎಂಬ ಚೌಕಟ್ಟಿನ 4.2ರ ಮೇಲೆ. 2011ರಲ್ಲಿ ಬಂದ 1.3ನೇ ಆವೃತ್ತಿಯಿಂದ ಜಾಂಗೋದಲ್ಲಿ ಒಂದೊಂದು ಪುಟವನ್ನೂ ಒಂದೊಂದು ಕ್ಲಾಸ್ ಆಗಿ ಬರೆಯಬಹುದು. ನಮ್ಮಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಕ್ಲಾಸ್‌ಗಳಿದ್ದವು: ಸದಸ್ಯರ ಪಟ್ಟಿ, ಸಾಲದ ಪಟ್ಟಿ, ಠೇವಣಿ, ಅಡಿಕೆ ಒಪ್ಪಿಸಿದ ಲೆಕ್ಕ, ದಿನದ ಧಾರಣೆ. ಇವುಗಳಲ್ಲಿ ಹಲವಕ್ಕೆ ಒಂದೇ ಬಗೆಯ ಕೆಲಸಗಳು ಬೇಕು. ಲಾಗಿನ್ ನೋಡಬೇಕು, ಶಾಖೆಯದ್ದನ್ನಷ್ಟೇ ತೋರಿಸಬೇಕು, ಆರ್ಥಿಕ ವರ್ಷಕ್ಕೆ ಸೀಮಿತಗೊಳಿಸಬೇಕು, ಎಕ್ಸೆಲ್‌ಗೆ ಇಳಿಸಿಕೊಡಬೇಕು, ಮೊತ್ತವನ್ನು ಅಕ್ಷರದಲ್ಲಿ ಬರೆಯಬೇಕು.

ಮೊದಲ ವರ್ಷ ಇವನ್ನು ಕಾಪಿ ಹೊಡೆದು ಅಂಟಿಸಿದ್ದೆವು. ಎರಡು ಶಾಖೆಗಳನ್ನು ಸಂಘ ಒಂದುಗೂಡಿಸಿದಾಗ ಶಾಖೆಯ ಲೆಕ್ಕಾಚಾರವನ್ನು ಐದು ಕ್ಲಾಸ್‌ಗಳಲ್ಲಿ ತಿದ್ದಿ ಆರನೆಯದನ್ನು ಮರೆತೆವು. ಠೇವಣಿಯ ಮೊತ್ತ ತಾಳೆಯಾಗದೆ ಎರಡು ದಿನ ಹಾಳಾಯಿತು. ಆಗಲೇ ಮಿಕ್ಸಿನ್‌ಗಳಿಗೆ ಬಂದದ್ದು. ಮಿಕ್ಸಿನ್ ಅಂದರೆ ತಾನೊಂದೇ ನಿಂತು ಏನೂ ಮಾಡದ, ಒಂದೆರಡು ಮೆಥಡ್‌ಗಳನ್ನು (ಒಂದೊಂದು ಕೆಲಸಕ್ಕೆ ಬರೆದ ಕೋಡ್) ಹೊತ್ತು ಬೇರೆ ಕ್ಲಾಸ್‌ಗಳ ಜೊತೆ ಬೆರೆಯುವ ಪುಟ್ಟ ಕ್ಲಾಸ್. ಈ ಹೆಸರು ಬಂದದ್ದು ಅಮೆರಿಕದ ಐಸ್‌ಕ್ರೀಂ ಅಂಗಡಿಯಿಂದ. ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್‌ನಲ್ಲಿ 1973ರಲ್ಲಿ ಶುರುವಾದ ಅಂಗಡಿಯೊಂದು ಗಿರಾಕಿ ಕೇಳಿದ ಬಾದಾಮಿ, ಬಿಸ್ಕತ್ತಿನ ಚೂರುಗಳನ್ನು ಮಿಕ್ಸ್‌ಇನ್ ಎಂದು ಕರೆದು ಐಸ್‌ಕ್ರೀಮಿಗೆ ಬೆರೆಸಿಕೊಡುತ್ತಿತ್ತು. ಹತ್ತಿರದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಲಿಸ್ಪ್ ಭಾಷೆಗೆಂದೇ ಮಾಡಿದ ಯಂತ್ರಗಳಿಗೆ ಫ್ಲೇವರ್ಸ್ ಎಂಬ ವ್ಯವಸ್ಥೆ ಕಟ್ಟಿದವರು ಆ ಪದವನ್ನೇ ಎತ್ತಿಕೊಂಡರು. ಅಲ್ಲಿ ತಳದ ಕ್ಲಾಸ್‌ನ ಹೆಸರೇ ವೆನಿಲಾ. ಐಸ್‌ಕ್ರೀಮಿನಲ್ಲಿ ಯಾವುದನ್ನು ಮೊದಲು ಬೆರೆಸಿದರೂ ರುಚಿ ಅದೇ. ಕ್ಲಾಸ್‌ಗಳಲ್ಲಿ ಹಾಗಲ್ಲ, ಮತ್ತು ಹೆಸರಿನಲ್ಲಿ ಅದರ ಸುಳಿವಿಲ್ಲ.

ತಪ್ಪು ನುಸುಳಿದ ದಾರಿ

ಸಾಲದ ಪಟ್ಟಿಯ ಲಾಗಿನ್ ತಪಾಸಣೆ ಮೊದಲು ಕ್ಲಾಸ್‌ನಲ್ಲಿ ಇರಲಿಲ್ಲ. ಯುಆರ್‌ಎಲ್‌ಗಳ ಫೈಲಿನಲ್ಲಿ (ಯಾವ ವಿಳಾಸಕ್ಕೆ ಯಾವ ಪುಟ ಎಂದು ಬರೆಯುವ ಜಾಗ) ಆ ಪುಟಕ್ಕೆ ಹೊರಗಿನಿಂದ ಸುತ್ತಿದ್ದ ಡೆಕೊರೇಟರ್ ಎಂಬ ಕವಚದಲ್ಲಿತ್ತು. ಆಗಸ್ಟ್‌ನಲ್ಲಿ ನಮ್ಮ ಕಚೇರಿಯ ಹುಡುಗನಿಗೆ ಒಂದು ಕೆಲಸ ಒಪ್ಪಿಸಿದ್ದೆ: ಯುಆರ್‌ಎಲ್ ಫೈಲಿನ ಡೆಕೊರೇಟರ್‌ಗಳನ್ನೆಲ್ಲ ತೆಗೆದು ಕ್ಲಾಸ್‌ಗಳಿಗೆ ಮಿಕ್ಸಿನ್ ಹಾಕು, ಯಾವ ಪುಟಕ್ಕೆ ಯಾವ ನಿಯಮ ಎಂಬುದು ಒಂದೇ ಜಾಗದಲ್ಲಿ ಕಾಣಲಿ. ಅವನು ಒಂದೊಂದನ್ನೇ ತೆಗೆದು ಹಾಕುತ್ತ ಬಂದ. ಬಹಳ ಕ್ಲಾಸ್‌ಗಳಲ್ಲಿ ಹೊಸ ಹೆಸರನ್ನು ಮುಂದೆ ಸೇರಿಸಿದ್ದ. ಮೂರರಲ್ಲಿ ಮಾತ್ರ ಕೊನೆಗೆ ಸೇರಿತ್ತು. ಸಾಲದ ಪಟ್ಟಿಯ ಬ್ರ್ಯಾಕೆಟ್ ಹೀಗಿತ್ತು:

ಸಾಲಪಟ್ಟಿ (ವರ್ಷಮಿಕ್ಸಿನ್, ಶಾಖಾಮಿಕ್ಸಿನ್, ಲಿಸ್ಟ್‌ವ್ಯೂ, ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್)

ಲಿಸ್ಟ್‌ವ್ಯೂ ಎಂದರೆ ಪಟ್ಟಿ ತೋರಿಸಲು ಜಾಂಗೋ ಕೊಡುವ ಸಿದ್ಧ ಕ್ಲಾಸ್. ಹುಡುಗ ಮಾಡಿದ ಬದಲಾವಣೆಯನ್ನು ಓದಿ ಒಪ್ಪಿದವನು ನಾನು. ಡೆಕೊರೇಟರ್ ಹೋಗಿದೆ, ಮಿಕ್ಸಿನ್ ಬಂದಿದೆ, ಸರಿ. ಹೆಸರು ಇದೆಯೋ ಇಲ್ಲವೋ ಎಂದಷ್ಟೇ ನೋಡಿದೆ, ಎಲ್ಲಿದೆ ಎಂದು ನೋಡಲಿಲ್ಲ.

ಪೈಥಾನ್ ಒಂದು ಮೆಥಡ್ ಹುಡುಕುವಾಗ ಕ್ಲಾಸ್‌ಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ಮೊದಲು ಯಾರ ಬಳಿ ಸಿಕ್ಕಿತೋ ಅದನ್ನೇ ನಡೆಸುತ್ತದೆ. ಆ ಸಾಲಿಗೆ ಎಂಆರ್‌ಒ ಎನ್ನುತ್ತಾರೆ. ನಮ್ಮ ಕ್ಲಾಸ್‌ನ ಸಾಲನ್ನು ಪರದೆಯ ಮೇಲೆ ತೆಗೆದು ನೋಡಿದಾಗ, ನಡುವಿನ ಕೆಲವನ್ನು ಬಿಟ್ಟರೆ, ಹೀಗೆ ಬಂತು:

ಸಾಲಪಟ್ಟಿ → ವರ್ಷಮಿಕ್ಸಿನ್ → ಶಾಖಾಮಿಕ್ಸಿನ್ → ಲಿಸ್ಟ್‌ವ್ಯೂ → … → ವ್ಯೂ → ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್ → ಆಕ್ಸೆಸ್‌ಮಿಕ್ಸಿನ್ → ಆಬ್ಜೆಕ್ಟ್

ಪುಟ ಕೇಳಿ ಯಾರಾದರೂ ಬಂದಾಗ ಜಾಂಗೋ ಕರೆಯುವುದು ಡಿಸ್ಪ್ಯಾಚ್ ಎಂಬ ಮೆಥಡ್ಡನ್ನು. ಲಾಗಿನ್ ಮಿಕ್ಸಿನ್‌ನ ಇಡೀ ಶಕ್ತಿ ಇರುವುದೂ ಅಲ್ಲಿಯೇ: ಅದರ ಡಿಸ್ಪ್ಯಾಚ್ ಬಂದವರು ಲಾಗಿನ್ ಆಗಿದ್ದಾರೆಯೇ ನೋಡುತ್ತದೆ, ಇಲ್ಲವಾದರೆ ಲಾಗಿನ್ ಪುಟಕ್ಕೆ ಕಳಿಸುತ್ತದೆ, ಆಗಿದ್ದರೆ ಸೂಪರ್ ಎಂಬ ಕರೆಯ ಮೂಲಕ ಸಾಲಿನಲ್ಲಿ ತನ್ನ ಹಿಂದೆ ನಿಂತವರಿಗೆ ಕೈ ದಾಟಿಸುತ್ತದೆ. ವ್ಯೂ ಕ್ಲಾಸ್‌ಗೂ ತನ್ನದೇ ಡಿಸ್ಪ್ಯಾಚ್ ಇದೆ. ಅದು ಗೆಟ್ (ಪುಟ ತೋರಿಸು ಎಂಬ ಕೋರಿಕೆ) ಬಂದಿದ್ದರೆ ಗೆಟ್ ಮೆಥಡ್ಡಿಗೆ, ಪೋಸ್ಟ್ (ತುಂಬಿದ ಮಾಹಿತಿ ತೆಗೆದುಕೋ ಎಂಬ ಕೋರಿಕೆ) ಬಂದಿದ್ದರೆ ಪೋಸ್ಟ್ ಮೆಥಡ್ಡಿಗೆ ಕೆಲಸ ಒಪ್ಪಿಸಿ ಮುಗಿಸುತ್ತದೆ. ಸೂಪರ್ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಅದು ತಳದ ಕ್ಲಾಸ್, ತನ್ನ ಹಿಂದೆ ಇನ್ನೊಂದು ಡಿಸ್ಪ್ಯಾಚ್ ಇರಬಹುದೆಂದು ಅದಕ್ಕೆ ಎಣಿಕೆಯೇ ಇಲ್ಲ. ನಮ್ಮ ಸಾಲಿನಲ್ಲಿ ವ್ಯೂ ಮುಂದೆ, ಲಾಗಿನ್ ಹಿಂದೆ. ಬಂದವರನ್ನು ವ್ಯೂ ನೇರ ಒಳಗೆ ಬಿಟ್ಟುಕೊಂಡಿತು. ಕಾವಲುಗಾರ ನಿಂತಿದ್ದದ್ದು ಹಿತ್ತಲಲ್ಲಿ.

ಲಾಗಿನ್ ಮಿಕ್ಸಿನ್ ಜಾಂಗೋಗೆ ಸೇರಿದ್ದು 2015ರ ಡಿಸೆಂಬರ್‌ನ 1.9ರಲ್ಲಿ. ಇದು ಬ್ರ್ಯಾಕೆಟ್ಟಿನ ಎಡತುದಿಯಲ್ಲಿರಬೇಕು ಎಂದು ಅದರ ದಾಖಲೆಪತ್ರದಲ್ಲಿ ಬರೆದೇ ಇದೆ. ನಾನು ಓದಿದ್ದೆ ಕೂಡ.

ಇಷ್ಟು ದಿನ ಗೊತ್ತಾಗದ್ದು ಯಾಕೆ? ಸಂಘದ ಸಿಬ್ಬಂದಿ ಬೆಳಿಗ್ಗೆ ಬಂದವರೇ ಲಾಗಿನ್ ಆಗುತ್ತಾರೆ, ಸಂಜೆವರೆಗೂ ಹಾಗೇ ಇರುತ್ತಾರೆ. ನಮ್ಮ ಟೆಸ್ಟ್‌ಗಳೂ ಮೊದಲ ಸಾಲಿನಲ್ಲೇ ಲಾಗಿನ್ ಮಾಡಿಕೊಂಡು ಮುಂದುವರಿಯುತ್ತಿದ್ದವು. ಬೀಗ ಹಾಕಿದೆಯೇ ಎಂದು ಪರೀಕ್ಷಿಸುವವನು ಯಾವಾಗಲೂ ಕೀಲಿ ಕೈಯಲ್ಲಿ ಹಿಡಿದೇ ಬರುತ್ತಿದ್ದ.

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಶಾಖಾಮಿಕ್ಸಿನ್ ಶಾಖೆಯ ಸಂಖ್ಯೆಯನ್ನು ಯುಆರ್‌ಎಲ್‌ನಿಂದ ಎತ್ತಿಕೊಳ್ಳುತ್ತಿತ್ತು. ಅದನ್ನು ಲಾಗಿನ್ ಆದವರ ಖಾತೆಯಿಂದ ತೆಗೆದುಕೊಂಡಿದ್ದರೆ, ಲಾಗಿನ್ ಇಲ್ಲದೆ ಬಂದ ಮೊದಲ ವ್ಯಕ್ತಿಗೇ ಪುಟ ಎರರ್ ಕೊಟ್ಟು ನಿಂತುಬಿಡುತ್ತಿತ್ತು. ಯಾರನ್ನೂ ಏನೂ ಕೇಳದೆ ಸಲೀಸಾಗಿ ಓಡುವ ಹಾಗೆ ನಾವೇ ಅದನ್ನು ಬರೆದಿದ್ದೆವು.

ರೂಬಿಯ ಅಭ್ಯಾಸ, ಪೈಥಾನಿನ ಬ್ರ್ಯಾಕೆಟ್

ಹುಡುಗನನ್ನು ಕೂರಿಸಿಕೊಂಡು ಕೇಳಿದೆ, ಆ ಮೂರು ಕಡೆ ಯಾಕೆ ಕೊನೆಗೆ ಹಾಕಿದೆ ಎಂದು. "ಸರ್, ರೂಬಿಯಲ್ಲಿ ಇನ್‌ಕ್ಲೂಡ್ ಮಾಡಿದ್ದು ಮೇಲಿನ ಕ್ಲಾಸ್‌ಗಿಂತ ಮುಂಚೆನೇ ಬರುತ್ತಲ್ಲ? ಇಲ್ಲೂ ಹಾಗೇ ಅಂತ ಅಂದುಕೊಂಡೆ" ಅಂದ. ಹಿಂದಿನ ಕೆಲಸದಲ್ಲಿ ಅವನು ಎರಡು ವರ್ಷ ರೂಬಿ ಎಂಬ ಭಾಷೆಯಲ್ಲಿ ಕೋಡ್ ಬರೆದವನು. ಅವನು ಹೇಳಿದ್ದು ಸರಿ. ರೂಬಿಯಲ್ಲಿ ಒಂದು ಕ್ಲಾಸ್‌ಗೆ ಪೇರೆಂಟ್, ಅಂದರೆ ಅದು ಇಳಿದು ಬಂದ ಮೇಲಿನ ಕ್ಲಾಸ್, ಒಂದೇ. ಮಿಕ್ಸಿನ್‌ನ ಕೆಲಸ ಮಾಡುವ ಮಾಡ್ಯೂಲ್‌ಗಳನ್ನು ಒಳಗೆ ಬೇರೆಯಾಗಿ ಇನ್‌ಕ್ಲೂಡ್ ಮಾಡುತ್ತೇವೆ. ಅವು ಕ್ಲಾಸ್‌ನ ನಂತರ, ಪೇರೆಂಟ್‌ಗಿಂತ ಮುಂಚೆ ನಿಲ್ಲುತ್ತವೆ, ಆಮೇಲೆ ಇನ್‌ಕ್ಲೂಡ್ ಮಾಡಿದ್ದು ಮೊದಲು ಸಿಗುತ್ತದೆ. ಕ್ಲಾಸ್‌ಗಿಂತಲೂ ಮುಂದೆ ನಿಲ್ಲಬೇಕೆಂದರೆ 2013ರ ರೂಬಿ 2.0ದಿಂದ ಪ್ರಿಪೆಂಡ್ ಇದೆ. ಅಂದರೆ ಇದೇ ಲಾಗಿನ್ ತಪಾಸಣೆಯನ್ನು ರೂಬಿಯಲ್ಲಿ ಕೊನೆಯ ಸಾಲಾಗಿ ಸೇರಿಸಿದ್ದರೆ ಅದು ಕೆಲಸ ಮಾಡುತ್ತಿತ್ತು.

ಪೈಥಾನ್‌ನಲ್ಲಿ ಮಿಕ್ಸಿನ್ ಬೇರೆ, ಪೇರೆಂಟ್ ಬೇರೆ ಎಂಬ ಭೇದವೇ ಇಲ್ಲ. ಎಲ್ಲರೂ ಒಂದೇ ಬ್ರ್ಯಾಕೆಟ್ಟಿನಲ್ಲಿ ಅಕ್ಕಪಕ್ಕ ಕೂರುತ್ತಾರೆ, ಯಾರು ಮೊದಲು ಎಂಬುದನ್ನು ಕೂತ ಜಾಗವೇ ತೀರ್ಮಾನಿಸುತ್ತದೆ. ಪಿಎಚ್‌ಪಿ ಭಾಷೆ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಮಿಕ್ಸಿನ್‌ನ ಜಾಗದಲ್ಲಿರುವುದು ಟ್ರೇಟ್. 2012ರ 5.4ರಲ್ಲಿ ಬಂದ ಟ್ರೇಟ್‌ಗಳಲ್ಲಿ ಎರಡು ಟ್ರೇಟ್‌ಗಳು ಒಂದೇ ಹೆಸರಿನ ಮೆಥಡ್ ತಂದರೆ ಭಾಷೆ ಮುಂದುವರಿಯುವುದೇ ಇಲ್ಲ, ಯಾವುದು ಬೇಕೆಂದು ಬಾಯಿಬಿಟ್ಟು ಹೇಳು ಎಂದು ನಿಲ್ಲಿಸುತ್ತದೆ. ಆ ಹಟ ಆವತ್ತು ನನಗೆ ಬಹಳ ಹಿಡಿಸಿತು. ಆದರೆ ಟ್ರೇಟ್‌ನ ಮೆಥಡ್ ಪೇರೆಂಟ್‌ನ ಮೆಥಡ್ಡಿಗೆ ಅಡ್ಡ ಬಂದರೆ ಪಿಎಚ್‌ಪಿಯೂ ಸದ್ದಿಲ್ಲದೆ ಟ್ರೇಟ್‌ನದ್ದನ್ನೇ ಎತ್ತಿಕೊಳ್ಳುತ್ತದೆ.

ಪೈಥಾನ್‌ನ ಸಾಲಿಗೂ ಒಂದು ಶಿಸ್ತಿದೆ. 2001ರ 2.2ರಲ್ಲಿದ್ದ ಕ್ರಮ ಕೆಲವು ಜಟಿಲ ಸಂದರ್ಭಗಳಲ್ಲಿ ತನ್ನ ಮಾತಿಗೆ ತಾನೇ ತಪ್ಪುತ್ತಿತ್ತು. ಸ್ಯಾಮ್ಯುಯೆಲೆ ಪೆಡ್ರೋನಿ ಅದನ್ನು ಉದಾಹರಣೆ ಸಮೇತ ತೋರಿಸಿದ ಮೇಲೆ, ಡಿಲನ್ ಎಂಬ ಭಾಷೆಗಾಗಿ 1996ರಲ್ಲಿ ಪ್ರಕಟವಾಗಿದ್ದ ಸಿ3 ವಿಧಾನವನ್ನು 2003ರ 2.3ರಲ್ಲಿ ಅಳವಡಿಸಿದರು. ಮಗು ಯಾವಾಗಲೂ ಪೇರೆಂಟ್‌ಗಿಂತ ಮುಂಚೆ, ಬ್ರ್ಯಾಕೆಟ್ಟಿನಲ್ಲಿ ಬರೆದ ಕ್ರಮ ಬದಲಾಗದು, ಪೇರೆಂಟ್‌ಗಳಲ್ಲಿದ್ದ ಕ್ರಮ ಮಗುವಿನಲ್ಲಿ ತಿರುಗುಮುರುಗಾಗದು. ಇಷ್ಟನ್ನೂ ಒಟ್ಟಿಗೆ ಪಾಲಿಸಲು ಆಗದಿದ್ದರೆ ಕ್ಲಾಸ್ ಹುಟ್ಟುವುದೇ ಇಲ್ಲ, ಟೈಪ್‌ಎರರ್ ಬರುತ್ತದೆ. ನಮ್ಮ ಬ್ರ್ಯಾಕೆಟ್ಟಿನಲ್ಲಿ ಅಂಥ ಯಾವ ವಿರೋಧವೂ ಇರಲಿಲ್ಲ. ನಾವು ಬರೆದದ್ದನ್ನು ಪೈಥಾನ್ ಚಾಚೂ ತಪ್ಪದೆ ಪಾಲಿಸಿತು.

ಹುಡುಗನಿಗೆ ಇದನ್ನು ಹೇಗೆ ನೆನಪಿಡು ಎಂದು ಹೇಳಬೇಕು ಎಂದು ಯೋಚಿಸುವಾಗ ದಾರಿ ಕನ್ನಡದಲ್ಲೇ ಸಿಕ್ಕಿತು. ಆ ಪುಟವನ್ನು ಬಾಯಲ್ಲಿ ಹೇಳು ಅಂದೆ. "ಲಾಗಿನ್ ಬೇಕಾದ, ಶಾಖೆಗೆ ಸೇರಿದ, ಈ ವರ್ಷದ ಪಟ್ಟಿ" ಅಂದ. ಅದೇ ಕ್ರಮ! ನಮ್ಮ ಮಾತಿನಲ್ಲಿ ವಿಶೇಷಣಗಳೆಲ್ಲ ಮೊದಲು, ನಾಮಪದ ಕಟ್ಟಕಡೆಗೆ. "ಪಟ್ಟಿ ಲಾಗಿನ್ ಬೇಕಾದ" ಎಂದು ಯಾರೂ ಹೇಳುವುದಿಲ್ಲ. ಬ್ರ್ಯಾಕೆಟ್ಟನ್ನು ಗಟ್ಟಿಯಾಗಿ ಓದಿದಾಗ ಕಿವಿಗೆ ಕನ್ನಡ ಅನ್ನಿಸಿದರೆ ಕ್ರಮ ಸರಿ. ಮಿಕ್ಸಿನ್‌ಗಳು ಗುಣ ಹೇಳುವವು, ಲಿಸ್ಟ್‌ವ್ಯೂ ವಸ್ತು. ಇಂಗ್ಲಿಷಿನ ದಾಖಲೆಪತ್ರ ಓದಿ ನನಗೆ ನೆನಪುಳಿಯದ್ದು ಅವನಿಗೆ ಒಂದೇ ಸಲಕ್ಕೆ ಕೂತಿತು.

ತಿದ್ದಲು ಹೋದಾಗ ಎದ್ದ ಎರಡನೇ ತಪ್ಪು

ಮೂರೂ ಕ್ಲಾಸ್‌ಗಳಲ್ಲಿ ಲಾಗಿನ್ ಎಡತುದಿಗೆ ಬಂತು. ಕೈ ಹಾಕಿದ್ದೇ ಆಯಿತು, ಎಲ್ಲ ಕಡೆಯೂ ಒಂದೇ ಕ್ರಮ ಇರಲಿ ಎಂದು ಲಾಗಿನ್, ಶಾಖೆ, ವರ್ಷ, ಆಮೇಲೆ ಲಿಸ್ಟ್‌ವ್ಯೂ ಎಂದು ಜೋಡಿಸಿದೆವು. ಮಧ್ಯಾಹ್ನ ಕಾರ್ಯದರ್ಶಿಯವರ ಫೋನ್ ಮತ್ತೆ ಬಂತು: "ಸಾರ್, ಈಗ ಪಾಸ್‌ವರ್ಡ್ ಕೇಳ್ತದೆ. ಆದರೆ ಪಟ್ಟಿಯಲ್ಲಿ ತೀರಿಸಿ ಮುಗಿಸಿದ ಹಳೇ ಸಾಲಗಳೆಲ್ಲ ಬಂದಿದಾವೆ."

ವರ್ಷಮಿಕ್ಸಿನ್ ಸರಿಯಾಗಿ ಬರೆದಿತ್ತು. ಪಟ್ಟಿಗೆ ಬೇಕಾದ ಸಾಲಗಳನ್ನು ತರುವ ಅದರ ಗೆಟ್_ಕ್ವೆರಿಸೆಟ್ ಮೆಥಡ್ ಸೂಪರ್ ಕರೆದು, ಹಿಂದಿನವರು ಕೊಟ್ಟ ಸಾಲಗಳನ್ನು ಪಡೆದು, ಅದರಲ್ಲಿ ಈ ವರ್ಷದ್ದನ್ನು ಸೋಸಿ ಕೊಡುತ್ತಿತ್ತು. ಶಾಖಾಮಿಕ್ಸಿನ್ ಹಾಗಲ್ಲ. ಅದು ಹಿಂದಿನವರನ್ನು ಕೇಳದೆ ಸಾಲದ ಟೇಬಲ್‌ಗೆ ತಾನೇ ಹೋಗಿ, ಶಾಖೆಯದ್ದನ್ನು ಎತ್ತಿಕೊಂಡು ಬಂದುಬಿಡುತ್ತಿತ್ತು. ಮೊದಲಿದ್ದ ಕ್ರಮದಲ್ಲಿ ವರ್ಷ ಮುಂದೆ, ಶಾಖೆ ಹಿಂದೆ. ಶಾಖೆ ತಂದದ್ದನ್ನು ವರ್ಷ ಸೋಸುತ್ತಿತ್ತು, ಫಲಿತಾಂಶ ಸರಿ ಬರುತ್ತಿತ್ತು. ಶಾಖೆ ಮುಂದೆ ಬಂದ ಕೂಡಲೇ ಸರಪಳಿ ಅಲ್ಲಿಗೇ ತುಂಡಾಯಿತು, ವರ್ಷಮಿಕ್ಸಿನ್‌ಗೆ ಸರದಿಯೇ ಬರಲಿಲ್ಲ. ಒಂದೂವರೆ ವರ್ಷ ಈ ತಪ್ಪು ಅದೃಷ್ಟದ ಮೇಲೆ ನಿಂತಿತ್ತು.

ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸುವ ಸಾಲಿನಲ್ಲಿ ಒಬ್ಬರು ತಮ್ಮ ಕೊಡವನ್ನು ಬೇರೆಲ್ಲೋ ತುಂಬಿಕೊಂಡು ಬಂದರೆ ಅವರ ಹಿಂದೆ ನಿಂತವರೆಲ್ಲ ಸುಮ್ಮನೆ ನಿಂತಂತೆ. ಸೂಪರ್ ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಮೇಲಿನವರನ್ನು, ಅಂದರೆ ಪೇರೆಂಟನ್ನು, ಕರೆಯುತ್ತದೆ ಎಂದೇ ಬಹಳ ಜನರ ತಿಳಿವಳಿಕೆ. ಅದು ಕರೆಯುವುದು ಸಾಲಿನಲ್ಲಿ ತನ್ನ ಹಿಂದೆ ನಿಂತವರನ್ನು. ಶಾಖಾಮಿಕ್ಸಿನ್ ಬರೆಯುವಾಗ ನನ್ನ ಮುಂದೆ ವರ್ಷಮಿಕ್ಸಿನ್ ಎಂಬುದು ಇರಲೇ ಇಲ್ಲ, ಆರು ತಿಂಗಳ ನಂತರ ಹುಟ್ಟಿದ್ದು ಅದು. ಹಾಗಿದ್ದರೂ ಅದಕ್ಕೆ ಜಾಗ ಬಿಟ್ಟು ಬರೆಯಬೇಕಿತ್ತು. ಮೆಥಡ್ ಹಂಚಿಕೊಳ್ಳುವುದರಲ್ಲಿ ನಿಜವಾಗಿ ಕಷ್ಟದ ಭಾಗ ಇದೇ ಎಂದು ನನಗನ್ನಿಸುತ್ತದೆ: ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಗೊತ್ತಿಲ್ಲದೆ ಬರೆಯಬೇಕು.

ಶಾಖಾಮಿಕ್ಸಿನ್ ಈಗ ಸೂಪರ್ ಕರೆಯುತ್ತದೆ. ಜೊತೆಗೆ ಯುಆರ್‌ಎಲ್‌ನ ಶಾಖೆಯೂ ಲಾಗಿನ್ ಆದವರ ಖಾತೆಯ ಶಾಖೆಯೂ ಒಂದೇ ಹೌದೇ ಎಂದು ತಾಳೆ ನೋಡುತ್ತದೆ.

ಮಿಕ್ಸಿನ್‌ನಿಂದ ಹೊರಗೆ ತೆಗೆದದ್ದು

ಆ ವಾರ ನಮ್ಮ ಐದೂ ಮಿಕ್ಸಿನ್‌ಗಳನ್ನು ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದೆವು: ಈ ಮೆಥಡ್ ಸೆಲ್ಫ್‌ನಿಂದ, ಅಂದರೆ ತಾನು ಬೆರೆತ ಪುಟದಿಂದ, ಏನನ್ನಾದರೂ ತೆಗೆದುಕೊಳ್ಳುತ್ತದೆಯೇ? ಮೊತ್ತವನ್ನು ಅಕ್ಷರದಲ್ಲಿ ಬರೆಯುವುದು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಕಷ್ಟ ಕನ್ನಡದ ಸಂಖ್ಯಾವಾಚಕಗಳದ್ದು. 1,25,340 ಎಂದರೆ "ಒಂದು ಲಕ್ಷದ ಇಪ್ಪತ್ತೈದು ಸಾವಿರದ ಮುನ್ನೂರ ನಲವತ್ತು ರೂಪಾಯಿ ಮಾತ್ರ". ನಂತರ ಏನಾದರೂ ಬಂದರೆ ಸಾವಿರ ಸಾವಿರದ ಆಗಬೇಕು, ಮುನ್ನೂರು ಮುನ್ನೂರ ಆಗಬೇಕು, 1,25,300ಕ್ಕೆ ಮುನ್ನೂರು ಎಂದೇ ನಿಲ್ಲಬೇಕು. ಇದಕ್ಕೂ ವೆಬ್ ಪುಟಕ್ಕೂ ಯಾವ ನಂಟೂ ಇಲ್ಲ. ಕ್ಲಾಸ್‌ನಿಂದ ಕಿತ್ತು ಒಂದು ಬರಿಯ ಫಂಕ್ಷನ್ ಮಾಡಿದೆವು. ಅದುವರೆಗೆ ರಸೀದಿ ಮುದ್ರಿಸುವ ಸ್ಕ್ರಿಪ್ಟ್‌ನಲ್ಲಿ ಇದರದ್ದೇ ಇನ್ನೊಂದು ಪ್ರತಿ ಇತ್ತು, ಅದೂ ಹೋಯಿತು. ಎಕ್ಸೆಲ್‌ಗೆ ಇಳಿಸುವುದೂ ಹಾಗೆಯೇ, ಕಾಲಮ್‌ಗಳ ಹೆಸರು ಮತ್ತು ಸಾಲುಗಳನ್ನು ಕೊಟ್ಟರೆ ಅದಕ್ಕೆ ಸಾಕು.

ಎಲ್ಲವನ್ನೂ ಒಂದೇ ದೊಡ್ಡ ಪೇರೆಂಟ್ ಕ್ಲಾಸ್‌ನಲ್ಲಿ ತುಂಬಿ ಎಲ್ಲ ಪುಟಗಳೂ ಅದರಿಂದ ಇಳಿಯಲಿ ಎಂಬ ಸಲಹೆಯೂ ಬಂತು. ದಿನದ ಧಾರಣೆಯ ಪುಟ ನೆನಪಾಗಿ ಬಿಟ್ಟೆವು. ರಾಶಿ, ಬೆಟ್ಟೆ, ಗೊರಬಲು, ಸರಕು ಇವತ್ತು ಎಷ್ಟಕ್ಕೆ ಹೋಯಿತು ಎಂದು ನೋಡಲು ಬೆಳೆಗಾರರಿಗೆ ಪಾಸ್‌ವರ್ಡ್ ಯಾಕೆ? ಅದಕ್ಕೆ ಲಾಗಿನ್ನೂ ಬೇಡ, ಶಾಖೆಯೂ ಬೇಡ, ವರ್ಷವೂ ಬೇಡ. ಪೇರೆಂಟ್‌ನಿಂದ ಬಂದದ್ದನ್ನೆಲ್ಲ ಆರಿಸುತ್ತ ಕೂರಬೇಕಾಗುತ್ತಿತ್ತು.

ಹಾಕಿದ ಬೇಲಿ

ಕ್ರಮ ತಪ್ಪಿದರೆ ಬಾಯಿಬಿಟ್ಟು ಹೇಳುವ ಏರ್ಪಾಡು ಬೇಕಿತ್ತು. ಪೈಥಾನ್ 3.6ರಿಂದ ಇನಿಟ್_ಸಬ್‌ಕ್ಲಾಸ್ ಎಂಬ ಸೌಲಭ್ಯ ಇದೆ, ತನ್ನಿಂದ ಹೊಸ ಕ್ಲಾಸ್ ಇಳಿದಾಗಲೆಲ್ಲ ಅದು ತಾನಾಗಿ ನಡೆಯುತ್ತದೆ. ಜಾಂಗೋದ ಮಿಕ್ಸಿನ್‌ನಿಂದ ನಮ್ಮದೇ ಲಾಗಿನ್ ಮಿಕ್ಸಿನ್ ಇಳಿಸಿ ಅದರಲ್ಲಿ ನಾಲ್ಕು ಸಾಲು ಬರೆದೆವು: ಹೊಸ ಕ್ಲಾಸ್‌ನ ಎಂಆರ್‌ಒ ತೆಗೆದುಕೋ, ಅದರಲ್ಲಿ ವ್ಯೂ ನನಗಿಂತ ಮುಂದೆ ನಿಂತಿದ್ದರೆ ಟೈಪ್‌ಎರರ್ ಎಸೆ. ಸರ್ವರ್ ಎದ್ದೇಳುವುದೇ ಇಲ್ಲ. ಸಂದೇಶವನ್ನು ಕನ್ನಡದಲ್ಲೇ ಇಟ್ಟೆವು: "ಲಾಗಿನ್ ಮಿಕ್ಸಿನ್ ಎಡತುದಿಯಲ್ಲಿರಲಿ, ಈಗಿನ ಕ್ರಮದಲ್ಲಿ ತಪಾಸಣೆ ನಡೆಯುವುದಿಲ್ಲ."

ಅದರ ಜೊತೆಗೆ ಒಂದು ಟೆಸ್ಟ್. ಇದು ಲಾಗಿನ್ ಆಗದೆ ಪ್ರಾಜೆಕ್ಟ್‌ನ ಪ್ರತಿಯೊಂದು ಯುಆರ್‌ಎಲ್‌ಗೂ ಹೋಗಿ ಬಾಗಿಲು ತಟ್ಟುತ್ತದೆ. ಧಾರಣೆಯ ಪುಟ ಮತ್ತು ಲಾಗಿನ್ ಪುಟ ಬಿಟ್ಟು ಬೇರೆ ಎಲ್ಲಿಯಾದರೂ 302ರ (ಲಾಗಿನ್ ಪುಟಕ್ಕೆ ಹೋಗು) ಬದಲು 200 (ಪುಟ ತೆರೆಯಿತು) ಬಂದರೆ ಟೆಸ್ಟ್ ಬೀಳುತ್ತದೆ. ಮೊದಲ ದಿನ ಓಡಿಸಿದಾಗ ನಾವು ತಿದ್ದಿದ್ದ ಮೂರಲ್ಲದೆ ನಾಲ್ಕನೆಯದೊಂದು ಸಿಕ್ಕಿತು. ಅದಕ್ಕೆ ಮಿಕ್ಸಿನ್ ಹಾಕುವುದೇ ಮರೆತುಹೋಗಿತ್ತು. ಅದೊಂದು ಖಾಲಿ ಫಾರಂ ತೋರಿಸುವ ಪುಟ, ಯಾರ ಮಾಹಿತಿಯೂ ಇರಲಿಲ್ಲ. ಆದರೂ ಆ ಕೆಂಪು ಸಾಲು ಕಂಡಾಗ ಎದೆ ಧಸಕ್ಕೆಂದಿತು.

ಈ ನಾಲ್ಕನೆಯದೇ ನನ್ನನ್ನು ಮುಂದಿನ ಹೆಜ್ಜೆಗೆ ತಳ್ಳಿತು. ಲಾಗಿನ್ ಬೇಕು ಎಂಬುದನ್ನು ನಲವತ್ತು ಕಡೆ ಬರೆದು, ಬೇಡ ಎಂಬುದನ್ನು ಬರೆಯದೆ ಬಿಟ್ಟಿದ್ದೆವು. ಅದು ಉಲ್ಟಾ ಇರಬೇಕಿತ್ತು. ಆ ಆಗಸ್ಟ್‌ನಲ್ಲಷ್ಟೇ ಬಂದಿದ್ದ ಜಾಂಗೋ 5.1ರಲ್ಲಿ ಇದಕ್ಕೆಂದೇ ಲಾಗಿನ್‌ರಿಕ್ವೈರ್ಡ್‌ಮಿಡಲ್‌ವೇರ್ ಸೇರಿಸಿದ್ದರು: ಎಲ್ಲ ಪುಟಕ್ಕೂ ಲಾಗಿನ್ ಬೇಕು, ಬೇಡವಾದ ಪುಟಕ್ಕೆ ಮಾತ್ರ ಗುರುತು ಹಾಕಿ. ನಾವು 4.2ರಲ್ಲಿದ್ದುದರಿಂದ ಅದೇ ಬಗೆಯದೊಂದನ್ನು ಕೈಯಲ್ಲೇ ಬರೆದುಕೊಂಡೆವು. 2025ರಲ್ಲಿ 5.2ಕ್ಕೆ ಹೋದಾಗ ನಮ್ಮದನ್ನು ತೆಗೆದು ಜಾಂಗೋದ್ದನ್ನೇ ಹಾಕಿದೆವು.

ಸಂಘಕ್ಕೆ ಎಲ್ಲವನ್ನೂ ಹೇಳಿದೆವು. ನಿರ್ದೇಶಕ ಮಂಡಳಿಯ ಸಭೆಗೆ ನಾನೂ ಹುಡುಗನೂ ಹೋಗಿ, ಪುಟ ಎಷ್ಟು ದಿನ ತೆರೆದಿತ್ತು, ಸರ್ವರ್‌ನ ಲಾಗ್‌ನಲ್ಲಿ ಏನು ಕಾಣುತ್ತದೆ ಎಂದು ವಿವರಿಸಿದೆವು. ಆ ಅವಧಿಯಲ್ಲಿ ಪಟ್ಟಿಗೆ ಬಂದವರು ಹೆಚ್ಚಿನಂಶ ಸಂಘದ ಕಚೇರಿಯ ಸಂಪರ್ಕದಿಂದಲೇ ಬಂದವರು. ಹೊರಗಿನವು ಎರಡೇ: ಆ ಹುಡುಗಿಯ ಫೋನ್ ಮತ್ತು ನನ್ನದು. ಅಧ್ಯಕ್ಷರು ಲಾಗ್‌ನ ಮುದ್ರಿತ ಹಾಳೆಯನ್ನು ಪೂರ್ತಿ ಓದಿದರು. "ಯಾರ ಹೆಸರೂ ಹೊರಗೆ ಹೋಗಿಲ್ಲ ತಾನೇ?" ಎಂದು ಎರಡು ಸಲ ಕೇಳಿ, ಹಾಳೆಯನ್ನು ಮಡಚಿ ನಡಾವಳಿ ಪುಸ್ತಕದೊಳಗೆ ಇಟ್ಟುಕೊಂಡರು.

ಈ ವರ್ಷ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಠೇವಣಿಯ ಪುಟವೊಂದನ್ನು ಬರೆಯುವಾಗ ಲಾಗಿನ್ ಮಿಕ್ಸಿನ್ ಅನ್ನು ಕೊನೆಗೆ ಹಾಕಿದ್ದಳು. ಸರ್ವರ್ ಏಳಲಿಲ್ಲ. ಕನ್ನಡದ ಸಂದೇಶ ಓದಿ, ಪಕ್ಕದಲ್ಲಿದ್ದ ನಮ್ಮ ಆ ಹುಡುಗನನ್ನು ಕೇಳಿದಳು: "ಅಣ್ಣಾ, ಎಡತುದಿ ಯಾಕೆ?" ಅವನು ಕುರ್ಚಿ ಎಳೆದುಕೊಂಡು ಕೂತ. "ಆ ಬ್ರ್ಯಾಕೆಟ್ಟನ್ನ ಒಂದ್ಸಲ ಗಟ್ಟಿಯಾಗಿ ಓದು" ಅಂದ.